ಟೇಪಿನೊಳಗೆ ಸೇರಿಕೊಂಡ ನನ್ನ ಬೆರಳಿನ ಕುರಿತು, ಸಂಯೋಜನಾಧಿಕಾರಿಗಳಿಗೆ

ಮಾನ್ಯ ಸಂಯೋಜನಾಧಿಕಾರಿಗಳೇ,

ನಮ್ಮ ಶಿಬಿರದಲ್ಲಿ ಐದು ವರ್ಷದೊಳಗಿನ ಮಕ್ಕಳು ತೊಂಬತ್ತಾರು. ಅವರಲ್ಲಿ ಮೂಳೆ ಕಾಣುವ ಹಾಗೆ ಬಡಕಲಾಗಿರುವವರು ಮೂವತ್ತೊಂಬತ್ತು. ತಮ್ಮ ಕಡತದ ಪ್ರಕಾರ ಐದು. ಉಳಿದ ಮೂವತ್ತನಾಲ್ಕು ಮಕ್ಕಳನ್ನು ದಪ್ಪ ಮಾಡಿದವಳು ನಾನು. ಊಟ ಹಾಕಿ ಮಾಡಿದ್ದಲ್ಲ, ಅಳೆಯುವ ಟೇಪಿನೊಳಗೆ ಬೆರಳು ಸೇರಿಸಿ ಮಾಡಿದ್ದು. ಆ ಐದು ಎಂಬ ಸಂಖ್ಯೆಯನ್ನು ನಂಬಿಕೊಂಡು ತಾವು ಇದೇ ತಿಂಗಳ ಕೊನೆಯ ದಿನ ನಮ್ಮ ಪೌಷ್ಟಿಕ ಆಹಾರದ ಕಿಟಕಿಯನ್ನು ಮುಚ್ಚಿಸಲಿದ್ದೀರಿ. ಇವತ್ತಿನಿಂದ ಎಣಿಸಿದರೆ ಒಂಬತ್ತು ದಿನ ಇದೆ. ತಪ್ಪು ನನ್ನದು ಎಂದು ತಮ್ಮ ಇಲಾಖೆಯ ಮುಂದೆ ಮೂರು ಸಲ ಒಪ್ಪಿಕೊಂಡಿದ್ದೇನೆ. ಮೂರು ಸಲವೂ ಇಲಾಖೆ ನನ್ನನ್ನು ಅಭಿನಂದಿಸಿದೆ. ಇನ್ನು ಅಭಿನಂದನೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ, ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನನ್ನ ಪರಿಚಯ ತಮಗಿದೆ. ಪತ್ರಿಕೆ ಓದುವವರಿಗೆ ಇಲ್ಲವಲ್ಲ, ಅವರಿಗಾಗಿ ಹೇಳಿಬಿಡುತ್ತೇನೆ. ನಾನು ಟೈಲರ್. ಹೊಳೆ ದಂಡೆಯ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ ಇಟ್ಟುಕೊಂಡು ಮೂವತ್ತೊಂದು ವರ್ಷ ಹೆಂಗಸರ, ಮಕ್ಕಳ ಬಟ್ಟೆ ಹೊಲಿದವಳು. ಒಂದು ಮಧ್ಯಾಹ್ನ ಹೊಳೆ ಬೀದಿಗೆ ಬಂತು. ಸಂಜೆಯೊಳಗೆ ಬೀದಿಯೇ ಹೋಯಿತು. ಓಡುವಾಗ ಒಬ್ಬೊಬ್ಬರು ಒಂದೊಂದು ಹಿಡಿದುಕೊಂಡು ಓಡಿದರು. ಎದುರು ಮನೆಯ ಮೇಷ್ಟ್ರು ಟಿವಿಯನ್ನು ಬಿಟ್ಟು ರಿಮೋಟು ಹಿಡಿದುಕೊಂಡು ಬಂದರು, ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನನ್ನ ಹೊಲಿಗೆ ಯಂತ್ರ ನೀರಿನ ಪಾಲಾಯಿತು. ಕತ್ತಿಗೆ ಹಾಕಿಕೊಂಡಿದ್ದ ಟೇಪು ಮಾತ್ರ ಕತ್ತಿನ ಜೊತೆ ಬಂತು. ಮುಚ್ಚಿಹೋದ ನೂಲಿನ ಗಿರಣಿಯ ಎರಡನೇ ಶೆಡ್ಡಿನಲ್ಲಿ, ಟಾರ್ಪಾಲು ಕಟ್ಟಿ ಮಾಡಿದ ನಲವತ್ತೆರಡನೇ ಗೂಡಿನಲ್ಲಿ ನಾನು, ನನ್ನ ಮಗಳು, ಅವಳ ಒಂದೂವರೆ ವರ್ಷದ ಮಗಳು ಏಳು ತಿಂಗಳಿಂದ ಇದ್ದೇವೆ. ಅಳಿಯ ದೂರದ ಊರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ನಾನು ಓದಿದ್ದು ಹತ್ತನೇ ಕ್ಲಾಸು. ಈ ಪತ್ರದಲ್ಲಿ ದೊಡ್ಡ ದೊಡ್ಡ ಪದಗಳು ಕಂಡರೆ ಗಾಬರಿಯಾಗಬೇಡಿ, ಎಲ್ಲವೂ ಶೆಡ್ಡಿನ ಗೋಡೆಗೆ ಅಂಟಿಸಿರುವ ತಮ್ಮ ಸುತ್ತೋಲೆಗಳಿಂದ ಕಲಿತದ್ದು. ಓದಲಿಕ್ಕೆ ಅಲ್ಲಿ ಬೇರೆ ಏನೂ ಇಲ್ಲ.

ಆ ಸುತ್ತೋಲೆಗಳಲ್ಲಿ ಮೊದಲನೆಯದು 'ಸಮಗ್ರ ಆರೋಗ್ಯ ಮತ್ತು ಪೌಷ್ಟಿಕತೆ ಸೇವೆ'ಯದ್ದು. ಯೋಜನೆಯ ಬಗ್ಗೆ ನನಗೆ ತಕರಾರಿಲ್ಲ. ಮೊದಲು ಔಷಧಿಗೆ ಒಂದು ಕಡೆ, ಮಗುವಿನ ಆಹಾರಕ್ಕೆ ಇನ್ನೊಂದು ಕಡೆ ಅಲೆಯಬೇಕಿತ್ತು. ಜ್ವರ ಬಂದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಂದಿರು ಗಿರಣಿಯ ಆ ತುದಿಯಿಂದ ಈ ತುದಿಗೆ ನಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಬಡಕಲು ಮಗುವಿಗೇ ಬೇಗ ಕಾಯಿಲೆ ಬರುತ್ತದೆ, ಕಾಯಿಲೆ ಬಿದ್ದ ಮಗುವೇ ಇನ್ನಷ್ಟು ಬಡಕಲಾಗುತ್ತದೆ, ಎರಡನ್ನೂ ಒಟ್ಟಿಗೆ ನೋಡಬೇಕು ಎಂದು ಯಾರೋ ಪುಣ್ಯಾತ್ಮರು ಯೋಚಿಸಿದರು. ಗಿರಣಿಯ ಗೇಟಿನ ಪಕ್ಕದ ಹಳೇ ಹಾಜರಿ ಕೋಣೆಯಲ್ಲಿ ಎರಡು ಕಿಟಕಿ ತೆರೆದರು. ಒಂದರಲ್ಲಿ ನರ್ಸು, ಇನ್ನೊಂದರಲ್ಲಿ ಆಹಾರ. ಎರಡಕ್ಕೂ ಸೇರಿ ಮಗುವಿಗೆ ಒಂದೇ ಕಾರ್ಡು. ಕಾರ್ಡಿನ ಮೇಲೆ ಒಂದು ಬಣ್ಣ. ಮಗುವಿನ ಎಡತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು. ಕೆಂಪು ಮಗುವಿಗೆ ದಿನವೂ ಶೇಂಗಾ ಪೇಸ್ಟಿನ ಪೊಟ್ಟಣ, ವಾರವಾರ ನರ್ಸಿನ ತಪಾಸಣೆ, ಹೆಚ್ಚುಕಮ್ಮಿಯಾದರೆ ದೊಡ್ಡಾಸ್ಪತ್ರೆಗೆ ಗಾಡಿ. ಹನ್ನೆರಡೂವರೆಯವರೆಗೆ ಹಳದಿ. ಹಳದಿ ಮಗುವಿಗೆ ದಿನಕ್ಕೊಂದು ಲೋಟ ಹಿಟ್ಟಿನ ಗಂಜಿ. ಅದಕ್ಕಿಂತ ಹೆಚ್ಚಿದ್ದರೆ ಹಸಿರು. ಹಸಿರು ಮಗುವಿಗೆ ಕೈ ತೊಳೆಯುವ ವಿಧಾನದ ಕರಪತ್ರ.

ಈ ಅಳತೆಗೆಂದೇ ಬಣ್ಣ ಬಳಿದ ಪಟ್ಟಿ ಇರುತ್ತದೆ. ತೋಳಿಗೆ ಸುತ್ತಿ ಎಳೆದರೆ ಯಾವ ಬಣ್ಣ ಅಂತ ಅದೇ ತೋರಿಸುತ್ತದೆ, ಓದು ಬಾರದವರಿಗೂ ಗೊತ್ತಾಗುತ್ತದೆ. ನಮ್ಮ ಶಿಬಿರಕ್ಕೆ ಅಂಥದ್ದು ಒಂದೇ ಒಂದು ಬಂದಿತ್ತು. ಮೊದಲನೇ ತಿಂಗಳು ಹಳೇ ನರ್ಸಮ್ಮ ಅದರಿಂದಲೇ ಎಲ್ಲ ಮಕ್ಕಳನ್ನೂ ಅಳೆದು ಮೂವತ್ತೆಂಟು ಮಕ್ಕಳಿಗೆ ಕೆಂಪು, ಹಳದಿ ಬರೆದರು. ಆಮೇಲೆ ಅವರಿಗೆ ವರ್ಗವಾಯಿತು. ಪಟ್ಟಿ ಅವರ ಕೈಚೀಲದಲ್ಲೇ ಹೋಯಿತು. ಹೋಗಲಿ, ತೂಕದ ಯಂತ್ರವಾದರೂ ಇತ್ತಲ್ಲ ಎನ್ನುತ್ತೀರಾ? ಅದು ಆಗಲೇ ಕೈಕೊಟ್ಟಿತ್ತು. ಯಾವ ಮಗುವನ್ನು ಕೂರಿಸಿದರೂ ಒಂಬತ್ತು ಕಿಲೋ ಎನ್ನುತ್ತಿತ್ತು. ಯಾರೂ ಕೂರದಿದ್ದರೂ ಒಂಬತ್ತು ಕಿಲೋ. ಆಗ ಶಿಬಿರದ ಮೇಲ್ವಿಚಾರಕರು ನಮ್ಮ ಶೆಡ್ಡಿನಲ್ಲಿ ನಿಂತು, "ಯಾರ ಹತ್ರ ಆದ್ರೂ ಸೆಂಟಿಮೀಟರ್ ಇರೋ ಟೇಪ್ ಇದೆಯಾ?" ಎಂದು ಕೂಗಿದರು. ನನ್ನ ಕತ್ತಿನಲ್ಲಿತ್ತು. ಹೀಗೆ ನಾನು ಅಳತೆ ಸಹಾಯಕಿಯಾಗಿ ನೇಮಕವಾದೆ. ಇದಕ್ಕಿಂತ ಪಾರದರ್ಶಕವಾದ ನೇಮಕಾತಿ ತಮ್ಮ ಇಲಾಖೆಯಲ್ಲಿ ಬೇರೆ ನಡೆದಿದ್ದರೆ ನನಗೆ ಗೊತ್ತಿಲ್ಲ.

ತರಬೇತಿ ಅರ್ಧ ದಿನ ನಡೆಯಿತು. ಬಂದಿದ್ದವರು ಗೋಡೆಗೆ ಒಂದು ತೋಳಿನ ಚಿತ್ರ ಅಂಟಿಸಿ, ಭುಜಕ್ಕೂ ಮೊಣಕೈಗೂ ನಡುಮಧ್ಯ ಹಿಡಿಯಬೇಕು, ಟೇಪು ಬಿಗಿಯಾಗಬಾರದು, ಚರ್ಮ ಒತ್ತಬಾರದು ಎಂದು ಹೇಳಿ, ಊಟ ಮಾಡಿಕೊಂಡು ಹೋದರು. ಬಿಗಿಯಾಗಬಾರದು ಅನ್ನುವುದನ್ನು ನನಗೆ ಹೇಳಿಕೊಡಬೇಕೇ? ನಾನು ತೆಗೆದ ಅಳತೆಯಲ್ಲಿ ತೋಳು ಹಿಡಿಯಿತು ಎಂದು ಈ ಮೂವತ್ತೊಂದು ವರ್ಷದಲ್ಲಿ ಒಬ್ಬ ತಾಯಿಯೂ ಬಟ್ಟೆ ವಾಪಸು ತಂದವಳಲ್ಲ. ತಿಂಗಳಿಗೊಂದು ಸಲ ಅಳತೆಯ ದಿನ. ಬೆಳಗ್ಗೆ ಎಂಟಕ್ಕೆ ಕೋಣೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಮಧ್ಯಾಹ್ನದವರೆಗೆ ಎದ್ದವಳಲ್ಲ. ಅಳುವ ಮಗುವನ್ನು ನಗಿಸಿ, ಒದೆಯುವ ಮಗುವಿನ ಕಾಲಿಗೆ ಮುತ್ತು ಕೊಟ್ಟು, ಒಂದೊಂದು ತೋಳನ್ನೂ ಅಚ್ಚುಕಟ್ಟಾಗಿ ಅಳೆದು ಕೂಗಿ ಹೇಳುತ್ತಿದ್ದೆ. ಮೇಲ್ವಿಚಾರಕರು ಬರೆದುಕೊಳ್ಳುತ್ತಿದ್ದರು. ಮೊದಲ ಸಲವೇ ಮೂವತ್ತೆಂಟು ಇದ್ದದ್ದು ಹದಿನಾರಕ್ಕೆ ಇಳಿಯಿತು. ಮುಂದಿನ ತಿಂಗಳು ಒಂಬತ್ತು. ಅದರ ಮುಂದಿನ ತಿಂಗಳು ಐದು. ನನ್ನ ಕೈಗುಣ ಎಂದು ಶೆಡ್ಡಿನಲ್ಲೆಲ್ಲ ಮಾತಾಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಅನ್ನಿಸಿತು. ಮನೆ, ಅಂಗಡಿ, ಯಂತ್ರ ಎಲ್ಲ ಕಳಕೊಂಡು ಕೂತಿದ್ದವಳಿಗೆ ತಿಂಗಳಿಗೊಂದು ದಿನ ಎಲ್ಲರೂ "ಟೈಲರಕ್ಕಾ, ಟೈಲರಕ್ಕಾ" ಎಂದು ಸುತ್ತ ನೆರೆದರೆ ತಲೆ ತಿರುಗದೆ ಇರುತ್ತದೆಯೇ?

ಆಗಲೇ ತಮ್ಮ ಕಡೆಯಿಂದ ಫೋಟೋ ತೆಗೆಯುವವರು ಬಂದರು. ನಾನು ಒಂದು ಮಗುವಿನ ತೋಳನ್ನು ಅಳೆಯುವ ಚಿತ್ರ ತೆಗೆದರು. ಅದನ್ನು ದೊಡ್ಡದು ಮಾಡಿಸಿ, 'ಮೂರು ತಿಂಗಳು, ಮೂವತ್ತಮೂರು ನಗು' ಎಂದು ಕೆಳಗೆ ಬರೆಸಿ, ತಮ್ಮ ಕೋಣೆಯಲ್ಲಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಹಾಕಿಸಿದ್ದೀರಿ. ತಾವು ಬೆನ್ನು ಮಾಡಿ ಕೂರುವುದರಿಂದ ಸರಿಯಾಗಿ ನೋಡಿರಲಿಕ್ಕಿಲ್ಲ. ದಯವಿಟ್ಟು ಒಮ್ಮೆ ಕುರ್ಚಿ ತಿರುಗಿಸಿ. ಟೇಪಿಗೂ ಮಗುವಿನ ತೋಳಿಗೂ ನಡುವೆ ನನ್ನ ತೋರುಬೆರಳು ಒಂದು ಮೊಳ ಉದ್ದ ಕಾಣಿಸುತ್ತದೆ.

ಇನ್ನು ನನ್ನ ಮೊಮ್ಮಗಳ ವಿಷಯ. ಹುಟ್ಟುವಾಗ ದುಂಡಗೆ ಇದ್ದಳು, ಅದಕ್ಕೇ ಎಲ್ಲರೂ ಗುಂಡಮ್ಮ ಎಂದು ಕರೆಯುತ್ತೇವೆ. ಗಿರಣಿಗೆ ಬಂದ ಮೇಲೆ ಎರಡು ಸಲ ಭೇದಿಯಾಗಿ ಇಳಿದುಹೋದಳು. ಹಳೇ ನರ್ಸಮ್ಮ ಕೆಂಪು ಕಾರ್ಡು ಕೊಟ್ಟಿದ್ದರು. ಪೊಟ್ಟಣ ತಿನ್ನಲು ಶುರು ಮಾಡಿ ಕಣ್ಣಿನಲ್ಲಿ ಸ್ವಲ್ಪ ಕಳೆ ಬರುತ್ತಿತ್ತು. ಆಗ ನಾನು ಅಳೆದೆ. ಹನ್ನೆರಡು ಪಾಯಿಂಟ್ ಏಳು ಬಂತು. ಹಸಿರು! ನಾಲ್ಕು ಜನರ ಮುಂದೆ ಮೊಮ್ಮಗಳನ್ನು ಎತ್ತಿ ಕುಣಿಸಿದೆ. ಅವತ್ತಿನಿಂದ ಪೊಟ್ಟಣ ನಿಂತಿತು. ನನ್ನ ಮಗಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಾಳೆ, ದಿನವಿಡೀ ಒದ್ದೆ ಚಾದರ ಎತ್ತುವ ಕೈ. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಮಗುವನ್ನು ಎತ್ತಿಕೊಂಡು ಹೇಳಿದಳು:

"ಅಮ್ಮಾ, ಇವಳು ಹಗುರ ಆಗ್ತಿದ್ದಾಳೆ ಅನ್ಸುತ್ತೆ."

"ನಿನ್ನ ಕೈಗೆ ಒದ್ದೆ ಚಾದರದ ಲೆಕ್ಕ ಹತ್ತಿಬಿಟ್ಟಿದೆ. ಎಲ್ಲಾ ಹಗುರಾನೇ ಅನ್ಸುತ್ತೆ," ಎಂದೆ.

"ಇಲ್ಲಮ್ಮ, ಬೆನ್ನು ಸವರಿ ನೋಡು. ಮೂಳೆ ಕೈಗೆ ಸಿಗ್ತಿದೆ."

"ಟೇಪು ಸುಳ್ಳು ಹೇಳುತ್ತೇನೇ? ಇಡೀ ಶಿಬಿರ ನನ್ನ ಅಳತೆ ನಂಬುತ್ತೆ, ನೀನೊಬ್ಬಳು ದೊಡ್ಡ ಡಾಕ್ಟ್ರು!"

ಅವಳು ಸುಮ್ಮನಾದಳು. ಅಂದರೆ ನಾನು ಬಾಯಿ ಮುಚ್ಚಿಸಿದೆ. ಇದನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೆತ್ತ ತಾಯಿ ಎತ್ತಿಕೊಂಡು ಹೇಳಿದ್ದನ್ನು ನಾನು ಟೇಪು ತೋರಿಸಿ ಸುಳ್ಳು ಮಾಡಿದೆ. ಅದಾದ ಮೇಲೆ ಇನ್ನೂ ಎರಡು ಸಲ ಅಳೆದೆ. ಎರಡು ಸಲವೂ ಹಸಿರು.

ಹೊಸ ನರ್ಸು ಬಂದದ್ದು ಮೊನ್ನೆ ಮೊನ್ನೆ. ಅಷ್ಟರಲ್ಲಿ ಐದು ಎಂಬ ಸಂಖ್ಯೆಗೆ 'ಅಂತಿಮ ಅಳತೆ' ಎಂದು ಹೆಸರಾಗಿ, ಅಳತೆಯ ಪುಸ್ತಕವನ್ನು ತಮ್ಮ ಕಚೇರಿಯವರು ಕೊಂಡೊಯ್ದು ಎರಡು ದಿನವಾಗಿತ್ತು. ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು, ಮಾತು ಕಡಿಮೆ. ಪಕ್ಕದ ಗೂಡಿನವಳೊಬ್ಬಳು ಸುಮ್ಮನೆ ಅಳೆದು ನೋಡಕ್ಕಾ ಎಂದು ಮಗುವನ್ನು ತಂದಿದ್ದಳು, ನಾನು ಅಳೆಯುತ್ತಿದ್ದೆ. ನರ್ಸು ಕಿಟಕಿಯಿಂದ ನೋಡಿ ಹೊರಗೆ ಬಂದಳು.

"ಅಕ್ಕಾ, ಒಂದ್ನಿಮಿಷ. ಟೇಪಿನ ಒಳಗೆ ನಿಮ್ಮ ಬೆರಳು ಯಾಕಿದೆ?"

"ಇರಬೇಕಲ್ಲಮ್ಮ. ಮಕ್ಕಳ ಅಳತೆ, ಬೆಳೆಯೋ ಮೈ. ಒಂದು ಬೆರಳು ಸಡಿಲ ಬಿಡದೆ ಹೇಗೆ ತೆಗೆಯೋದು?"

ಅವಳು ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ.

"ಅಕ್ಕಾ, ನಾವು ತೋಳಿಗೆ ಬಟ್ಟೆ ಹೊಲೀತಾ ಇಲ್ಲ," ಎಂದಳು.

ಮಾನ್ಯರೇ, ನಮ್ಮ ಕಸುಬಿನಲ್ಲಿ ಮೈಗೆ ಸರಿಯಾಗಿ ಅಳತೆ ತೆಗೆಯುವವನು ಹೊಸಬ. ಮೊದಲ ದಿನವೇ ಕಲಿಸುತ್ತಾರೆ: ಟೇಪಿನ ಒಳಗೆ ಬೆರಳಿರಲಿ, ಉಸಿರಾಡಲು ಜಾಗ ಬೇಕು, ಮಕ್ಕಳಿಗಾದರೆ ಬರುವ ವರ್ಷಕ್ಕೂ ಬರಬೇಕು. ಮೂವತ್ತೊಂದು ವರ್ಷ ಆ ಬೆರಳು ತಾನಾಗಿ ಒಳಗೆ ಹೋಗಿದೆ, ನಾನು ಅದಕ್ಕೆ ಹೋಗು ಎಂದು ಹೇಳುವುದೂ ಇಲ್ಲ. ಮಕ್ಕಳು ಬೆಳೆಯುತ್ತಾರೆ ಎಂದು ನನ್ನ ಕೈ ನಂಬಿಕೊಂಡಿತ್ತು. ನರ್ಸು ನನ್ನ ಬೆರಳನ್ನು ತೆಗೆದು ಅದೇ ತೋಳನ್ನು ಮತ್ತೆ ಅಳೆದಳು. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಬಂತು. ಕೆಂಪಿಗೂ ಹಸಿರಿಗೂ ನಡುವೆ ಇರುವುದೇ ಒಂದು ಸೆಂಟಿಮೀಟರ್. ನನ್ನ ಒಂದು ಬೆರಳಿಗೆ ಕೆಂಪು ಮಗು ಹಳದಿಗೂ ನಿಲ್ಲದೆ ಸೀದಾ ಹಸಿರಿಗೆ ಜಿಗಿಯುತ್ತಿತ್ತು. ಹೊಗಳಿಕೆ ಹೆಚ್ಚಿದ ಹಾಗೆ ತಿಂಗಳು ತಿಂಗಳಿಗೆ ಬೆರಳೂ ಇನ್ನಷ್ಟು ಸಡಿಲವಾಗಿರಬೇಕು, ಅದಕ್ಕೇ ಹದಿನಾರು ಐದಕ್ಕೆ ಇಳಿದದ್ದು. ಅವಳ ಹಳೇ ಕೆಲಸದ ಜಾಗದಿಂದ ತಂದ ಒಂದು ಬಣ್ಣದ ಪಟ್ಟಿ ಅವಳ ಪೆಟ್ಟಿಗೆಯಲ್ಲಿತ್ತು. ಎರಡು ದಿನ ಕೂತು ತೊಂಬತ್ತಾರು ಮಕ್ಕಳನ್ನೂ ಅಳೆದೆವು. ಹದಿನಾರು ಕೆಂಪು, ಇಪ್ಪತ್ತಮೂರು ಹಳದಿ. ಯೋಜನೆ ಶುರುವಾದಾಗ ಇದ್ದದ್ದಕ್ಕಿಂತ ಒಂದು ಹೆಚ್ಚು. ಗುಂಡಮ್ಮನ ತೋಳು ಹನ್ನೊಂದು ಪಾಯಿಂಟ್ ಒಂದು. ಸಂಜೆ ಮಗಳಿಗೆ ಹೇಳಿದೆ. ಅವಳು ಜಗಳವಾಡಿದ್ದರೆ ಒಳ್ಳೆಯದಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ನಾನು ಹೇಳಿದ್ದೆನಲ್ಲಮ್ಮ," ಎಂದಷ್ಟೇ ಅಂದಳು.

ಮಾರನೇ ದಿನದಿಂದ ನಾನು ತಪ್ಪು ಒಪ್ಪಿಕೊಳ್ಳಲು ಓಡಾಡತೊಡಗಿದೆ. ಮೊದಲು ಶಿಬಿರದ ಮೇಲ್ವಿಚಾರಕರ ಬಳಿ ಹೋದೆ. ಅವರು ಎಲ್ಲ ಕೇಳಿಸಿಕೊಂಡು, "ಅಕ್ಕಾ, ನಿಮಗೆ ಸುಸ್ತಾಗಿದೆ, ಮೂರು ತಿಂಗಳು ತುಂಬಾ ದುಡಿದಿದ್ದೀರಿ," ಎಂದು ನನ್ನ ಸೇವೆಯನ್ನು ಕೊಂಡಾಡಿದರು. ಎರಡನೆಯದಾಗಿ ತಮ್ಮ ಕಚೇರಿಗೆ ಬಂದೆ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಒಳ್ಳೆಯ ಮನುಷ್ಯ. ನನ್ನ ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದನ್ನ ಯಾವುದಕ್ಕೆ ಹಾಕ್ಲಿ ತಾಯಿ? ದೂರು, ಮನವಿ, ಅಭಿನಂದನೆ, ಮೂರೇ ಕಾಲಂ ಇರೋದು. ತಪ್ಪೊಪ್ಪಿಗೆ ಅಂತ ಇಲ್ಲ."

"ದೂರು ಅಂತ ಹಾಕಿ."

"ಯಾರ ಮೇಲೆ?"

"ನನ್ನ ಮೇಲೇ."

"ದೂರು ಕೊಟ್ಟವರು ಬೇರೆ, ದೂರಿಗೆ ಒಳಗಾದವರು ಬೇರೆ ಇರಬೇಕು. ಎರಡು ಕಡೆ ಒಂದೇ ಹೆಸರು ಬರೆದ್ರೆ ಕಂಪ್ಯೂಟರ್ ತಗೊಳಲ್ಲಮ್ಮ."

"ಮನವಿ?"

"ಮನವಿಗೆ ಫಲಾನುಭವಿ ಆಗಿರಬೇಕು. ನಿಮ್ಮ ಮೊಮ್ಮಗಳು ಹಸಿರು. ಹಸಿರು ಮಗು ಫಲಾನುಭವಿ ಅಲ್ಲ."

ಉಳಿದದ್ದು ಒಂದೇ ಕಾಲಂ. ನಾಲ್ಕು ದಿನದಲ್ಲಿ ಉತ್ತರ ಬಂತು. ಇಷ್ಟು ಬೇಗ ಉತ್ತರ ಬಂದ ಅರ್ಜಿ ನಮ್ಮ ಶೆಡ್ಡಿನಲ್ಲಿ ಇನ್ನೊಂದಿಲ್ಲ. 'ಯೋಜನೆಯ ಕುರಿತು ತಾವು ವ್ಯಕ್ತಪಡಿಸಿದ ಮೆಚ್ಚುಗೆಗೆ ಧನ್ಯವಾದಗಳು' ಎಂದಿತ್ತು. ಕೆಳಗೆ ತಮ್ಮ ಸಹಿ.

ಮೂರನೆಯ ಸಲ ತಮ್ಮನ್ನೇ ಕಂಡೆ. ತಾವು ಎದ್ದು ನಿಂತು ಕುರ್ಚಿ ತೋರಿಸಿದಿರಿ, ಚಹಾ ತರಿಸಿದಿರಿ. ಗೋಡೆಯ ಮೇಲಿದ್ದ ನಾನು ಕುರ್ಚಿಯಲ್ಲಿದ್ದ ನನ್ನನ್ನು ನೋಡುತ್ತಿದ್ದೆ, ಸಂಕೋಚವಾಯಿತು. ಎಲ್ಲ ಹೇಳಿದೆ. ತಾವು ಗಮನವಿಟ್ಟು ಕೇಳಿ, "ಒಂದು ಬೆರಳು ಅಂದ್ರೆ ಎಷ್ಟಾಗುತ್ತಕ್ಕಾ?" ಎಂದಿರಿ. ಒಂದೂವರೆ ಸೆಂಟಿಮೀಟರ್ ಸಾರ್ ಎಂದೆ. "ಅಷ್ಟೇ ತಾನೆ!" ಎಂದು ನಕ್ಕು, ನನಗೆ ಸಮಾಧಾನ ಹೇಳಿದಿರಿ. ಮರು ಅಳತೆ ಮಾಡಿಸಬಹುದಲ್ಲ ಎಂದು ಕೇಳಿದೆ. ಮರು ಅಳತೆಗೆ ಆದೇಶ ಬೇಕು, ಆದೇಶ ಹೊರಡಿಸಬೇಕಾದರೆ ಹಳೇ ಅಳತೆಯ ಬಗ್ಗೆ ಅನುಮಾನ ಇರಬೇಕು, ವರದಿ ಈಗಾಗಲೇ ಮೇಲಿನವರಿಗೆ ಹೋಗಿ ಅವರು ಮೆಚ್ಚಿರುವುದರಿಂದ ಅನುಮಾನಕ್ಕೆ ಆಸ್ಪದವಿಲ್ಲ ಎಂದು ವಿವರಿಸಿದಿರಿ. ನರ್ಸು ಅಳೆದದ್ದು? ಅದು ಅನಧಿಕೃತ, ಪಟ್ಟಿ ಬೇರೆ ಸಂಸ್ಥೆಯದು. ನಮ್ಮದೇ ಪಟ್ಟಿ ತರಿಸಬಹುದಲ್ಲ? ಬಂದಿವೆ, ಇನ್ನೂರು ಪಟ್ಟಿಗಳ ಡಬ್ಬ ಕಳೆದ ವಾರವೇ ಬಂದು ಉಗ್ರಾಣದಲ್ಲಿದೆ, ಆದರೆ ಕೇಂದ್ರ ಮುಚ್ಚುವ ಹಂತದಲ್ಲಿ ಡಬ್ಬ ಒಡೆಯುವಂತಿಲ್ಲ. ಒಂದಾದ ಮೇಲೊಂದು ಇಷ್ಟು ಸಲೀಸಾಗಿ ಬಂದ ಉತ್ತರಗಳಿಗೆ ನಾನು ಎಲ್ಲಿ ಕತ್ತರಿ ಹಾಕಲಿ? ಹೊರಡುವಾಗ ತಾವೊಂದು ಶುಭ ಸುದ್ದಿಯನ್ನೂ ಹೇಳಿದಿರಿ. ಮುಂದಿನ ತಿಂಗಳಿಂದ ಉಳಿದ ಮೂರು ಶಿಬಿರಗಳ ಅಳತೆ ಸಹಾಯಕಿಯರಿಗೆ ತರಬೇತಿ ಕೊಡಲು ನನ್ನನ್ನೇ ಆರಿಸಿದ್ದೀರಿ. "ನಿಮ್ಮ ವಿಧಾನವನ್ನೇ ಕಲಿಸಿ," ಎಂದಿರಿ.

ಮಾನ್ಯರೇ, ತಮಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಆದರೂ ಕೆಲವು ಪ್ರಶ್ನೆ ಕೇಳದಿದ್ದರೆ ನಿದ್ದೆ ಬರುವುದಿಲ್ಲ. ನೂರು ಮಕ್ಕಳೂ ಇಲ್ಲದ ಶಿಬಿರದಲ್ಲಿ, ಊಟದ ಅಳತೆ ಹೆಚ್ಚಾಗಿಲ್ಲ, ನೀರಿನ ನಲ್ಲಿ ಹೆಚ್ಚಾಗಿಲ್ಲ, ಎರಡೂವರೆ ತಿಂಗಳು ನರ್ಸೇ ಇರಲಿಲ್ಲ, ಆದರೂ ಮೂವತ್ತಮೂರು ಮಕ್ಕಳು ದಪ್ಪಗಾದರು ಎಂದಾಗ ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ "ಹೇಗೆ?" ಎಂದು ಕೇಳಬೇಕೆನಿಸಲಿಲ್ಲವೇ? ಮೂವತ್ತೆಂಟು ಎಪ್ಪತ್ತಾಗಿದ್ದರೆ ಎಷ್ಟು ಜೀಪುಗಳು ಬರುತ್ತಿದ್ದವು, ಎಷ್ಟು ಜನ ನನ್ನ ಟೇಪನ್ನು ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು! ಕೆಟ್ಟ ಸುದ್ದಿಗೆ ತನಿಖೆ, ಒಳ್ಳೆಯ ಸುದ್ದಿಗೆ ಹಾರ, ಇದು ಯಾವ ಸುತ್ತೋಲೆಯಲ್ಲಿದೆ ಎಂದು ಗೋಡೆಯ ಮೇಲೆ ಹುಡುಕಿದೆ, ಸಿಗಲಿಲ್ಲ. ನನ್ನ ತಪ್ಪನ್ನು ತಮ್ಮ ಮೇಲೆ ಹಾಕುತ್ತಿಲ್ಲ. ಮೂರು ತಿಂಗಳ ತಪ್ಪು ಪೂರ್ತಿ ನನ್ನದೇ. ಅದು ತಪ್ಪು ಎಂದು ತಿಳಿದ ಮೇಲಿನ ಹನ್ನೆರಡು ದಿನ ಮಾತ್ರ ತಮ್ಮದು.

ಆ ಹನ್ನೆರಡು ದಿನದಲ್ಲಿ ಏನಾಯಿತು ಎಂದು ಹೇಳುತ್ತೇನೆ. ಗುಂಡಮ್ಮನಿಗೆ ಕೆಮ್ಮು ಹಿಡಿಯಿತು, ಆಮೇಲೆ ಜ್ವರ. ಇವತ್ತಿಗೆ ಎಂಟನೇ ದಿನ. ನರ್ಸು ತನ್ನ ಕಿಟಕಿಯಲ್ಲಿರುವ ಔಷಧಿಯನ್ನೆಲ್ಲ ಕೊಟ್ಟಿದ್ದಾಳೆ. ಇಳಿಯುತ್ತದೆ, ಮತ್ತೆ ಏರುತ್ತದೆ. "ಮೈಯಲ್ಲಿ ಶಕ್ತಿ ಇಲ್ಲಕ್ಕಾ, ಪೊಟ್ಟಣ ಬೇಕು, ದೊಡ್ಡಾಸ್ಪತ್ರೆಗೆ ಕಳಿಸಬೇಕು," ಎನ್ನುತ್ತಾಳೆ. ಪೊಟ್ಟಣ ಪಕ್ಕದ ಕಿಟಕಿಯಲ್ಲಿದೆ, ಎರಡು ಮಾರು ದೂರ. ಆ ಕಿಟಕಿಯವರು ಕಾರ್ಡು ಕೇಳುತ್ತಾರೆ. ಕಾರ್ಡು ಹಸಿರು. ಗಾಡಿಯವನು ಕಾರ್ಡು ಕೇಳುತ್ತಾನೆ. ಹಸಿರು. ಮೊದಲು ಎರಡು ಕಡೆ ಅಲೆದರೆ ಒಂದು ಕಡೆಯಾದರೂ ಕರುಣೆ ತೋರುವವರು ಸಿಗುತ್ತಿದ್ದರು, ಈಗ ಸೇವೆ ಸಮಗ್ರವಾಗಿರುವುದರಿಂದ ಎರಡು ಕಿಟಕಿಯೂ ಒಂದೇ ಮಾತು ಹೇಳುತ್ತವೆ. ಕಾರ್ಡಿನ ಬಣ್ಣ ಬದಲಾಯಿಸುವ ಪುಸ್ತಕ ತಮ್ಮ ಕಪಾಟಿನಲ್ಲಿದೆ. ಮೊನ್ನೆ ನರ್ಸು ಅಳೆದಾಗ ತೋಳು ಹತ್ತು ಪಾಯಿಂಟ್ ಎಂಟಕ್ಕೆ ಇಳಿದಿತ್ತು. ಮಗು ಅಳುವುದನ್ನೂ ಬಿಟ್ಟಿದೆ ಸಾರ್. ನನಗೆ ತುಂಬ ಭಯವಾಗಿದೆ. ಇದನ್ನು ಬೇರೆ ಥರ ಬರೆಯಲು ತಮ್ಮ ಸುತ್ತೋಲೆಗಳಲ್ಲಿ ಪದ ಹುಡುಕಿದೆ, ಇಲ್ಲ.

ಆದರೆ ಹುಡುಕುವಾಗ ಬೇರೊಂದು ಸಿಕ್ಕಿತು. ಮೂರನೇ ಕಂಬದ ಮೇಲೆ, ಅರ್ಧ ಹರಿದ ಸುತ್ತೋಲೆ, ಸಿಬ್ಬಂದಿಯ ಶಿಸ್ತಿನದು. ಅದರ ಹನ್ನೊಂದನೇ ಅಂಶ ಹೀಗಿದೆ: 'ಅಳತೆ ಕಾರ್ಯದಲ್ಲಿ ಲೋಪ ಎಸಗಿದ ಕಾರಣಕ್ಕೆ ಯಾವುದೇ ಸಹಾಯಕರನ್ನು ವಜಾಗೊಳಿಸಿದಲ್ಲಿ, ಅವರು ತೆಗೆದ ಸಕಲ ಅಳತೆಗಳೂ ಅಸಿಂಧುವಾಗತಕ್ಕದ್ದು ಮತ್ತು ಏಳು ದಿನಗಳೊಳಗಾಗಿ ಮರು ಅಳತೆ ಮಾಡತಕ್ಕದ್ದು.' ನರ್ಸನ್ನು ಕರೆದು ತೋರಿಸಿದೆ. ಅವಳು ಎರಡು ಸಲ ಓದಿದಳು. ಅನುಮಾನ ಬೇಡ, ಮೇಲಿನವರ ಒಪ್ಪಿಗೆ ಬೇಡ, ಡಬ್ಬ ಒಡೆಯಲು ಬೇರೆ ಆದೇಶ ಬೇಡ. ಬೇಕಾದದ್ದು ಒಂದೇ, ನನ್ನನ್ನು ಕೆಲಸದಿಂದ ಕಿತ್ತುಹಾಕಬೇಕು. ರಾಜೀನಾಮೆ ಕೊಟ್ಟರೆ ನಡೆಯುವುದಿಲ್ಲ, ಅದಕ್ಕೆ ಸುತ್ತೋಲೆಯಲ್ಲಿ ಬೀಳ್ಕೊಡುಗೆ ಮಾತ್ರ ಇದೆ. ವಜಾ ಆಗಬೇಕು, ಕಾರಣ ಬರೆದಿರಬೇಕು.

ಅಳತೆ ಸಹಾಯಕಿಗೆ ದಿನಕ್ಕೆ ಒಂದು ತಟ್ಟೆ ಊಟ ಹೆಚ್ಚುವರಿಯಾಗಿ ಸಿಗುತ್ತದೆ. ಪೊಟ್ಟಣ ನಿಂತಾಗಿನಿಂದ ಗುಂಡಮ್ಮನ ಹೊಟ್ಟೆಗೆ ಹೋಗುತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ತಟ್ಟೆಯದೇ. ವಜಾ ಆದ ದಿನವೇ ಅದು ನಿಲ್ಲುತ್ತದೆ. ನನಗೆ ಗೊತ್ತು, ಮಗಳಿಗೂ ಹೇಳಿದ್ದೇನೆ. ಹನ್ನೆರಡು ದಿನದ ಮೇಲೆ ಅವಳು ನನ್ನ ಜೊತೆ ಮೊದಲ ಸಲ ಪೂರ್ತಿ ಮಾತಾಡಿದಳು: "ತಟ್ಟೆ ಹೋದ್ರೆ ಹೋಗ್ಲಿ. ನೀನು ಬರಿಯಮ್ಮ."

ಆದ್ದರಿಂದ ಮಾನ್ಯರೇ, ಕರುಣೆ ತೋರಿ ಎಂದು ಕೇಳುತ್ತಿಲ್ಲ, ಯೋಜನೆ ಮುಂದುವರಿಸಿ ಎಂದೂ ಈಗ ಕೇಳುತ್ತಿಲ್ಲ. ಒಂಬತ್ತು ದಿನದಲ್ಲಿ ಮರು ಅಳತೆಗೆ ಏಳು ದಿನ ಬೇಕು. ತಮಗೆ ಉಳಿದಿರುವುದು ಎರಡು ದಿನ. ಈ ಎರಡು ದಿನದಲ್ಲಿ ಒಂದು ಕಾಗದ ತೆಗೆದುಕೊಂಡು, ಈ ಹೆಂಗಸು ಅಳತೆಯಲ್ಲಿ ಲೋಪ ಎಸಗಿದ್ದಾಳೆ, ಇವಳನ್ನು ವಜಾ ಮಾಡಿದೆ ಎಂದು ಬರೆದು ಸಹಿ ಹಾಕಿ. ಬೇಜವಾಬ್ದಾರಿ ಎಂದು ಸೇರಿಸಿದರೂ ನನ್ನ ಅಭ್ಯಂತರವಿಲ್ಲ. ಅಯೋಗ್ಯಳು ಎಂದು ಬರೆದರೆ ಇನ್ನೂ ಒಳ್ಳೆಯದು. ಈ ಶಿಬಿರದಲ್ಲಿ ತಮ್ಮನ್ನು ಬೇಡಿಕೊಂಡವರಲ್ಲಿ ಇಷ್ಟು ಸುಲಭದ್ದನ್ನು ಕೇಳಿದವರು ಇನ್ನೊಬ್ಬರಿರಲಾರರು. ತಾವು ಬರೆಯದಿದ್ದರೆ ಮೂರನೇ ದಿನ ಬೆಳಗ್ಗೆ ಮೂವತ್ತೊಂಬತ್ತು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಮ್ಮ ಕೋಣೆಗೆ ಬರುತ್ತೇವೆ. ಅಳೆಯುವುದು ಬೇಡ. ಒಂದೊಂದು ಮಗುವನ್ನೂ ತಾವೇ ಒಂದು ನಿಮಿಷ ಎತ್ತಿಕೊಂಡು ನಿಂತರೆ ಸಾಕು. ಮೊದಲು ಗುಂಡಮ್ಮನನ್ನು ಕೊಡುತ್ತೇನೆ. ಅಷ್ಟರವರೆಗೆ ಅವಳು ಇದ್ದರೆ.

ಇಂತಿ, ವಜಾ ಆದೇಶಕ್ಕಾಗಿ ಬಾಗಿಲಲ್ಲಿ ಕಾದು ಕೂತಿರುವ,
ತಮ್ಮ ಮಾದರಿ ಅಳತೆ ಸಹಾಯಕಿ,
ಎರಡನೇ ಶೆಡ್ಡು, ನಲವತ್ತೆರಡನೇ ಗೂಡು